ನೈಟ್ರೇಟ್ 80 ಎಲ್ಲಿಂದ ಬಂತು? ಹೊಸ ಉಪ್ಪುನೀರಿನ ಟ್ಯಾಂಕಿನ ಜಮಾ-ಖರ್ಚು

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಜೂನ್ ಕೊನೆಯಲ್ಲಿ 100 ಲೀಟರ್ ನೀರಿನ ಉಪ್ಪುನೀರಿನ ಅಕ್ವೇರಿಯಂ ಶುರು ಮಾಡಿದೆ. ಆರ್‌ಒ ನೀರು, ಮರೀನ್ ಸಾಲ್ಟ್, ಸೆರಾಮಿಕ್ ರಾಕ್, ಅರಗೊನೈಟ್ ಮರಳು, ಒಂದು ಬಾಟಲಿ ಬ್ಯಾಕ್ಟೀರಿಯಾ. ಮೀನು ಇನ್ನೂ ಬಿಟ್ಟಿಲ್ಲ. ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಮೀನಿಗಿಂತ ಮೊದಲೇ ಬೆಳೆಯಲಿ ಎಂದು ಮೊದಲ ದಿನ ಮತ್ತು ಒಂಬತ್ತನೇ ದಿನ ಅಮೋನಿಯಂ ಕ್ಲೋರೈಡ್ ಹಾಕಿದೆ, ಪ್ರತಿ ಸಲ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಬರುವ ಲೆಕ್ಕದಲ್ಲಿ. ಎಪಿಐ ಕಂಪನಿಯ ಸಾಲ್ಟ್‌ವಾಟರ್ ಪರೀಕ್ಷಾ ಕಿಟ್‌ನಲ್ಲಿ ಬಂದ ರೀಡಿಂಗ್ ಹೀಗಿದೆ:

ದಿನ 2: ಅಮೋನಿಯಾ 2, ನೈಟ್ರೈಟ್ 0, ನೈಟ್ರೇಟ್ 0, ಪಿಎಚ್ 8.2
ದಿನ 9 (ಎರಡನೇ ಸಲ ಹಾಕುವ ಮುಂಚೆ): ಅಮೋನಿಯಾ 1, ನೈಟ್ರೈಟ್ 2, ನೈಟ್ರೇಟ್ 20
ದಿನ 17: ಅಮೋನಿಯಾ 0.25, ನೈಟ್ರೈಟ್ 5, ನೈಟ್ರೇಟ್ 80
ದಿನ 24: ಅಮೋನಿಯಾ 0.25, ನೈಟ್ರೈಟ್ 5, ನೈಟ್ರೇಟ್ 80, ಪಿಎಚ್ 7.8

ಉಪ್ಪಿನಂಶ (ಸಾಪೇಕ್ಷ ಸಾಂದ್ರತೆಯಲ್ಲಿ) 1.022. ಒಂದು ವಾರದಿಂದ ಎಲ್ಲವೂ ನಿಂತಲ್ಲೇ ನಿಂತಿದೆ. ನೈಟ್ರೇಟ್ ಇಳಿಸಲು ನೀರು ಬದಲಾಯಿಸಲೇ? ಅದಕ್ಕೆ ಇಲ್ಲಿಯ ದಂಡೆಯಿಂದಲೇ ಸಮುದ್ರದ ನೀರು ತಂದರೆ ಆದೀತೇ? ನೇತ್ರಾಣಿ ದ್ವೀಪದ ಕಡೆಯ ಹವಳದ ಕಲ್ಲು ಹಾಕಿದರೆ ಬೇಗ ಆಗುತ್ತದೆ ಎಂದು ಒಬ್ಬರು ಹೇಳಿದರು. ಅಂಗಡಿಯವರು ಈಗಲೇ ಒಂದು ಜೋಡಿ ಕ್ಲೌನ್ ಫಿಶ್ ಬಿಡಿ ಅನ್ನುತ್ತಾರೆ.

ಉತ್ತರ: ಸದ್ಯಕ್ಕೆ ನೀರು ಬದಲಾಯಿಸಬೇಡಿ. ನಿಮ್ಮ ಟ್ಯಾಂಕಿನಲ್ಲಿ 80 ಪಿಪಿಎಂ ನೈಟ್ರೇಟ್ ಇಲ್ಲ, ಇರಲು ಸಾಧ್ಯವೂ ಇಲ್ಲ. ಇದನ್ನು ಹೇಳಲು ಇನ್ನೊಂದು ಕಿಟ್ ಬೇಡ, ನೀವೇ ಬರೆದು ಕಳಿಸಿದ ಅಂಕಿಗಳು ಸಾಕು.

ಅಮೋನಿಯಾದ ಅಣುತೂಕ 17, ನೈಟ್ರೈಟ್‌ನದು 46, ನೈಟ್ರೇಟ್‌ನದು 62. ಮೂರರಲ್ಲೂ ಇರುವ ಸಾರಜನಕ ಒಂದೇ ಪರಮಾಣು. ಬ್ಯಾಕ್ಟೀರಿಯಾ ಅದಕ್ಕೆ ಆಮ್ಲಜನಕ ಕಟ್ಟುತ್ತಾ ಹೋದ ಹಾಗೆ ತೂಕ ಏರುತ್ತದೆ. ಆದ್ದರಿಂದ 1 ಪಿಪಿಎಂ ಅಮೋನಿಯಾ ಪೂರ್ತಿ ನೈಟ್ರೈಟ್ ಆದರೆ 2.7 ಪಿಪಿಎಂ, ಪೂರ್ತಿ ನೈಟ್ರೇಟ್ ಆದರೆ 3.65 ಪಿಪಿಎಂ. ನೀವು ಈ ತನಕ ಹಾಕಿದ್ದು ಒಟ್ಟು 4 ಪಿಪಿಎಂ. ಎರಡನೇ ದಿನ ಕಿಟ್‌ನಲ್ಲಿ ಸರಿಯಾಗಿ 2 ಬಂದಿದೆ, ಅಂದರೆ ಪುಡಿಯ ತೂಕ, ನೀರಿನ ಅಳತೆ ಎರಡೂ ಸರಿ ಇವೆ. ಟ್ಯಾಂಕಿನಲ್ಲಿ ಮೀನಿಲ್ಲ, ಆಹಾರ ಬಿದ್ದಿಲ್ಲ. ಈ 4 ಪಿಪಿಎಂ ಒಂದು ಹನಿಯೂ ಉಳಿಯದೆ ಕೊನೆಯ ಮೆಟ್ಟಿಲು ಮುಟ್ಟಿದರೂ ನೈಟ್ರೇಟ್ ಆಗುವುದು 14.6 ಮಾತ್ರ. ಹದಿನೈದು ರೂಪಾಯಿ ಹಾಕಿದ ಡಬ್ಬಿಯಲ್ಲಿ ಎಂಬತ್ತು ಸಿಗುವುದಿಲ್ಲ.

ಹಾಗಾದರೆ ಟ್ಯೂಬಿನಲ್ಲಿ ಕಂಡ ಕೆಂಪು ಯಾವುದರದು? ನೈಟ್ರೈಟ್‌ನದು. ನೈಟ್ರೇಟ್ ಕಿಟ್ ನೈಟ್ರೇಟನ್ನು ನೇರವಾಗಿ ಅಳೆಯುವುದೇ ಇಲ್ಲ. ಎರಡನೇ ಬಾಟಲಿಯ ಪುಡಿ ನೈಟ್ರೇಟ್‌ನ ಒಂದು ಸಣ್ಣ ಪಾಲನ್ನು ಹಿಂದಕ್ಕೆ ನೈಟ್ರೈಟ್ ಮಾಡುತ್ತದೆ, ಬಣ್ಣ ಬರುವುದು ಆ ನೈಟ್ರೈಟ್‌ನಿಂದ. ಇಷ್ಟು ನೈಟ್ರೇಟ್ ಇದ್ದರೆ ಇಷ್ಟು ಪಾಲು ತಿರುಗುತ್ತದೆ ಎಂಬ ಅಂದಾಜಿನ ಮೇಲೆ ಬಣ್ಣದ ಕಾರ್ಡು ತಯಾರಾಗಿರುತ್ತದೆ. ನೀರಿನಲ್ಲಿ ಮೊದಲೇ ನೈಟ್ರೈಟ್ ಇದ್ದರೆ ಅದು ಪಾಲಿನ ಲೆಕ್ಕಕ್ಕೆ ಸಿಗದೆ ಇಡಿಯಾಗಿ ಬಣ್ಣ ಕೊಡುತ್ತದೆ. ಹೀಗಾಗಿ ಸ್ವಲ್ಪವೇ ನೈಟ್ರೈಟ್ ಕಾರ್ಡಿನ ಮೇಲೆ ಹಲವು ಪಟ್ಟು ನೈಟ್ರೇಟ್ ಆಗಿ ಕಾಣುತ್ತದೆ. ನಿಮ್ಮ ಒಂಬತ್ತನೇ ದಿನದ ಸಾಲೂ ಇದನ್ನೇ ಹೇಳುತ್ತದೆ. ಆ ದಿನ ಖರ್ಚಾದ ಅಮೋನಿಯಾ 1 ಪಿಪಿಎಂ. ಅದರ ಮುಕ್ಕಾಲು ಪಾಲು 2 ಪಿಪಿಎಂ ನೈಟ್ರೈಟ್ ಆಗಿ ಕಣ್ಣೆದುರೇ ಇದೆ. ಉಳಿದ ಕಾಲು ಪಾಲಿನಿಂದ ಹುಟ್ಟಬಹುದಾದ ನೈಟ್ರೇಟ್ ಸುಮಾರು 1. ಕಿಟ್ ತೋರಿಸಿದ್ದು 20. ನೈಟ್ರೈಟ್ ಸೊನ್ನೆಗೆ ಬರುವ ತನಕ ನೈಟ್ರೇಟ್ ಪರೀಕ್ಷೆ ಮಾಡಲೇಬೇಡಿ, ಹನಿಗಳು ದಂಡ.

ಇನ್ನು ನೈಟ್ರೈಟ್ 5ಕ್ಕೇ ನಿಂತಿದೆ ಎಂಬ ಚಿಂತೆ. ನಿಮ್ಮ ಕಾರ್ಡಿನಲ್ಲಿ 5ರ ಮೇಲೆ ಬಣ್ಣವೇ ಇಲ್ಲ. ಖರ್ಚಾದ 3.75 ಪಿಪಿಎಂ ಅಮೋನಿಯಾದಿಂದ ನೈಟ್ರೈಟ್ 10ರ ತನಕ ಏರಬಹುದು. 17ನೇ ದಿನ 10 ಇದ್ದು 24ನೇ ದಿನ 6ಕ್ಕೆ ಇಳಿದಿದ್ದರೂ ನಿಮಗೆ ಎರಡೂ ದಿನ ಒಂದೇ ನೇರಳೆ ಕಾಣುತ್ತದೆ. ನಿಂತದ್ದು ಟ್ಯಾಂಕೋ ಕಾರ್ಡೋ ಎಂದು ತಿಳಿಯಲು ನೀರನ್ನು ತೆಳು ಮಾಡಿ ಅಳೆಯಿರಿ. ಸೂಜಿ ತೆಗೆದ ಸಿರಿಂಜ್‌ನಿಂದ ಟ್ಯಾಂಕಿನ ನೀರು 1 ಎಂಎಲ್, ಆರ್‌ಒ ನೀರು 4 ಎಂಎಲ್ ಟೆಸ್ಟ್ ಟ್ಯೂಬಿಗೆ ಹಾಕಿ, ಮುಚ್ಚಳ ಹಾಕಿ ಕುಲುಕಿ, ಎಂದಿನಂತೆ 5 ಹನಿ ನೈಟ್ರೈಟ್ ದ್ರಾವಣ ಬಿಟ್ಟು 5 ನಿಮಿಷ ಕಾಯಿರಿ. ಬಂದ ಅಂಕಿಯನ್ನು 5ರಿಂದ ಗುಣಿಸಿ. ಕಾರ್ಡು 2 ಅಂದರೆ ಟ್ಯಾಂಕಿನಲ್ಲಿ 10, 1 ಅಂದರೆ 5. ದಿನ ಬಿಟ್ಟು ದಿನ ಹೀಗೆ ಅಳೆದರೆ ಇಳಿತ ಇದ್ದರೆ ಕಂಡೇ ಕಾಣುತ್ತದೆ. ಅಮೋನಿಯಾವನ್ನು ತೆಳು ಮಾಡಿ ಅಳೆಯಬೇಕಾದಾಗ ಮಾತ್ರ ಆರ್‌ಒ ನೀರು ಬೇಡ, ಹೊಸದಾಗಿ ಕಲಸಿದ ಉಪ್ಪುನೀರು ಬಳಸಿ. ಆ ಪರೀಕ್ಷೆಯ ಬಣ್ಣ ಉಪ್ಪಿನಂಶದ ಮೇಲೆ ಬದಲಾಗುತ್ತದೆ. ಸಿಹಿನೀರಿಗೂ ಉಪ್ಪುನೀರಿಗೂ ಬೇರೆ ಬೇರೆ ಅಮೋನಿಯಾ ಕಾರ್ಡು ಕೊಡುವುದು ಇದೇ ಕಾರಣಕ್ಕೆ.

ಐದು ದಿನ ಹೀಗೆ ಅಳೆದ ಮೇಲೂ ನೈಟ್ರೈಟ್ ನಿಜವಾಗಿಯೇ ಇಳಿಯದಿದ್ದರೆ ನನ್ನ ಮೊದಲ ಅನುಮಾನ ರಂಜಕದ (ನೀರಿನಲ್ಲಿ ಅದು ಫಾಸ್ಫೇಟ್ ರೂಪದಲ್ಲಿರುತ್ತದೆ) ಕೊರತೆಯ ಮೇಲೆ. ಆರ್‌ಒ ನೀರು, ಹೊಸ ಸೆರಾಮಿಕ್ ಕಲ್ಲು, ಶುದ್ಧ ಅಮೋನಿಯಂ ಕ್ಲೋರೈಡ್ ಇಷ್ಟೇ ಇರುವ ಟ್ಯಾಂಕಿನಲ್ಲಿ ಫಾಸ್ಫೇಟ್ ಬರಲು ದಾರಿ ತೀರ ಕಡಿಮೆ. ಬ್ಯಾಕ್ಟೀರಿಯಾ ಮೈ ಬೆಳೆಸಲು ಅದು ಬೇಕೇ ಬೇಕು. ಎರಡು ಬೆರಳಲ್ಲಿ ಹಿಡಿಯುವಷ್ಟು ಮೀನಿನ ಆಹಾರ ಒಂದು ಸಲ ಹಾಕಿದರೆ ಸಾಕು. ಇನ್ನೊಂದು ಬಾಟಲಿ ಬ್ಯಾಕ್ಟೀರಿಯಾ ಕೊಳ್ಳುವುದಕ್ಕಿಂತ ಮೊದಲು ಇದನ್ನು ಮಾಡಿ ನೋಡಿ. ನೈಟ್ರೈಟ್ ತಿನ್ನುವ ಗುಂಪು ಅಮೋನಿಯಾ ತಿನ್ನುವ ಗುಂಪಿಗಿಂತ ತಡವಾಗಿ ಏಳುತ್ತದೆ ಎಂಬುದೂ ನೆನಪಿರಲಿ. 24ನೇ ದಿನಕ್ಕೆ ನೈಟ್ರೈಟ್ ಮೇಲಿರುವುದು ಸಹಜ. ಮೂರರಿಂದ ಆರು ವಾರ ಸಾಮಾನ್ಯ ಅವಧಿ.

ಅಮೋನಿಯಾದ 0.25 ವಿಷಯಕ್ಕೆ ಬರೋಣ. ಈ ಕಿಟ್‌ನಲ್ಲಿ ಸೊನ್ನೆ ಹಳದಿ, 0.25 ತುಸು ಹಸಿರು ಬೆರೆತ ಹಳದಿ. ಆಷಾಢದ ಮೋಡದಲ್ಲಿ, ಸಂಜೆ ಎಲ್‌ಇಡಿ ಬಲ್ಬಿನ ಕೆಳಗೆ ಈ ಎರಡನ್ನು ಬೇರೆ ಮಾಡುವುದು ಕಷ್ಟ. ಹಗಲಿನಲ್ಲಿ ಕಿಟಕಿಯ ಹತ್ತಿರ, ಟ್ಯೂಬನ್ನು ಕಾರ್ಡಿನ ಬಿಳಿ ಭಾಗಕ್ಕೆ ತಾಗಿಸಿ ಹಿಡಿದು ನೋಡಿ. ಅದಕ್ಕಿಂತ ಒಳ್ಳೆಯ ಉಪಾಯ, ಎರಡು ಟ್ಯೂಬ್ ಇಡುವುದು. ಒಂದರಲ್ಲಿ ಟ್ಯಾಂಕಿನ ನೀರು, ಇನ್ನೊಂದರಲ್ಲಿ ಹೊಸದಾಗಿ ಕಲಸಿದ ಉಪ್ಪುನೀರು. ಎರಡಕ್ಕೂ ಒಂದನೇ ಬಾಟಲಿಯಿಂದ 8 ಹನಿ, ಎರಡನೆಯದರಿಂದ 8 ಹನಿ ಹಾಕಿ, 5 ಸೆಕೆಂಡ್ ಜೋರಾಗಿ ಕುಲುಕಿ, 5 ನಿಮಿಷ ಆದ ಕೂಡಲೇ ನೋಡಿ. ಎರಡೂ ಒಂದೇ ಬಣ್ಣ ಬಂದರೆ ನಿಮ್ಮ 0.25 ಎಂದರೆ ಸೊನ್ನೆ. ಮರೀನ್ ಸಾಲ್ಟ್‌ನಲ್ಲೇ ಚೂರು ಅಮೋನಿಯಾ ಇರುವುದೂ ಉಂಟು, ಅದೂ ಈ ಹೋಲಿಕೆಯಲ್ಲಿ ಹೊರಬೀಳುತ್ತದೆ. ಬಾಟಲಿಯನ್ನು ಓರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ, ನೆಟ್ಟಗೆ ತಲೆಕೆಳಗಾಗಿ ಹಿಡಿಯಿರಿ. ಟ್ಯೂಬಿನ ಬಾಯಿಗೆ ಹೆಬ್ಬೆರಳು ಒತ್ತಿ ಕುಲುಕಬೇಡಿ, ಬೆವರು ಸೇರಿ ರೀಡಿಂಗ್ ಕೆಡುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ನೋಡಿದ ಬಣ್ಣವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪಿಎಚ್ 8.2ರಿಂದ 7.8ಕ್ಕೆ ಇಳಿಯಲು ಎರಡು ಕಾರಣ ಕೂಡಿವೆ. ಮೊದಲನೆಯದು ಬ್ಯಾಕ್ಟೀರಿಯಾದ ಕೆಲಸವೇ. ಅಮೋನಿಯಾ ನೈಟ್ರೈಟ್ ಆಗುವಾಗ ಆಮ್ಲ ಹುಟ್ಟಿ ನೀರಿನ ಕ್ಷಾರತೆಯನ್ನು ತಿನ್ನುತ್ತದೆ. 4 ಪಿಪಿಎಂ ಅಮೋನಿಯಾಕ್ಕೆ ಸುಮಾರು 1.3 ಡಿಕೆಎಚ್ (ಕ್ಷಾರತೆಯ ಅಳತೆ) ಖರ್ಚು. ಎರಡನೆಯದು ಮಳೆಗಾಲದ ಮನೆ. ಇರಚಲು ಹೊಡೆಯುತ್ತದೆಂದು ಕಿಟಕಿ ಬಾಗಿಲು ಮುಚ್ಚಿಟ್ಟಾಗ ಒಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡು ನೀರಿಗೆ ಇಳಿಯುತ್ತದೆ. ಯಾವುದರ ಪಾಲು ಹೆಚ್ಚು ಎಂದು ತಿಳಿಯಲು ಒಂದು ಲೋಟ ಟ್ಯಾಂಕಿನ ನೀರನ್ನು ಜಗಲಿಯಲ್ಲಿಟ್ಟು, ಸಣ್ಣ ಏರ್ ಪಂಪಿನಿಂದ ಒಂದು ಗಂಟೆ ಹೊರಗಿನ ಗಾಳಿ ಊದಿಸಿ ಮತ್ತೆ ಅಳೆಯಿರಿ. 8.1, 8.2ಕ್ಕೆ ಏರಿದರೆ ಮನೆಯ ಗಾಳಿಯೇ ಕಾರಣ. ಮಳೆ ಬಿಟ್ಟಾಗ ಕಿಟಕಿ ತೆರೆಯಿರಿ, ಯಾವ ಔಷಧಿಯೂ ಬೇಡ. ಏರದಿದ್ದರೆ ಕ್ಷಾರತೆ ಅಳೆಯುವ ಕೆಎಚ್ ಕಿಟ್ ತಂದು ಅಳೆಯಿರಿ, ನಿಮ್ಮ ಪೆಟ್ಟಿಗೆಯಲ್ಲಿ ಅದು ಬರುವುದಿಲ್ಲ. 7 ಡಿಕೆಎಚ್‌ಗಿಂತ ಕೆಳಗಿದ್ದರೆ ಅಡುಗೆ ಸೋಡಾ ಹಾಕಬಹುದು. 100 ಲೀಟರಿಗೆ 3 ಗ್ರಾಂ ಹಾಕಿದರೆ 1 ಡಿಕೆಎಚ್ ಏರುತ್ತದೆ. ಆರ್‌ಒ ನೀರಿನಲ್ಲಿ ಕರಗಿಸಿ, ಪಂಪಿನ ಹೊಡೆತ ಇರುವಲ್ಲಿ ನಿಧಾನ ಸುರಿಯಿರಿ, ದಿನಕ್ಕೆ 1 ಡಿಕೆಎಚ್ ಮೀರುವುದು ಬೇಡ. ಬೇಕಿಂಗ್ ಪೌಡರ್ ಬೇರೆ, ಅಡುಗೆ ಸೋಡಾ ಬೇರೆ, ಪೊಟ್ಟಣ ಓದಿ ಹಾಕಿ.

ಉಪ್ಪಿನಂಶ 1.022 ಕಡಿಮೆ. ಸಾವಿರಕ್ಕೆ 29-30 ಆಯಿತು, ಬೇಕಾದದ್ದು 35, ಅಂದರೆ ಸುಮಾರು 1.026. ಆದರೆ ಉಪ್ಪು ಸುರಿಯುವ ಮುನ್ನ ಮಾಪಕವನ್ನೇ ಪರೀಕ್ಷಿಸಿ. ರಿಫ್ರಾಕ್ಟೋಮೀಟರನ್ನು ಬರೀ ಆರ್‌ಒ ನೀರಿನಲ್ಲಿ ಸೊನ್ನೆಗೆ ಕೂರಿಸಿದರೆ 35ರ ಹತ್ತಿರ ಅದು ಸರಿಯಾಗಿಯೇ ಹೇಳುತ್ತದೆಂಬ ಭರವಸೆ ಇಲ್ಲ. ನಿಖರವಾದ ತಕ್ಕಡಿ ಇದ್ದರೆ 36.5 ಗ್ರಾಂ ಶುದ್ಧ ಅಡುಗೆ ಉಪ್ಪನ್ನು 963.5 ಗ್ರಾಂ ಆರ್‌ಒ ನೀರಿನಲ್ಲಿ ಕರಗಿಸಿ. ಸಮುದ್ರದ ನೀರಿಗೆಂದು ಮಾಡಿದ ರಿಫ್ರಾಕ್ಟೋಮೀಟರಿನಲ್ಲಿ ಇದು 35 ತೋರಿಸಬೇಕು, ತೋರಿಸದಿದ್ದರೆ ತಿರುಪು ತಿರುಗಿಸಿ 35ಕ್ಕೆ ತನ್ನಿ. ಆ ಮೇಲೂ ಟ್ಯಾಂಕ್ 1.022 ಎಂದರೆ 500ರಿಂದ 600 ಗ್ರಾಂ ಮರೀನ್ ಸಾಲ್ಟ್ ಬೇಕಾಗುತ್ತದೆ. ಟ್ಯಾಂಕಿನದೇ ನೀರು ಬಕೆಟಿಗೆ ತೆಗೆದು ಅದರಲ್ಲಿ ಕರಗಿಸಿ, ಎರಡು ಮೂರು ದಿನದಲ್ಲಿ ಹಂಚಿ ಹಾಕಿ.

ನಮ್ಮ ಕಡೆ ಇಲ್ಲಿ ಇನ್ನೊಂದು ಮಾತು ಬಂದೇ ಬರುತ್ತದೆ: ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಸಮುದ್ರದ ಉಪ್ಪೇ ಸಿಗುವಾಗ ದುಬಾರಿ ಮರೀನ್ ಸಾಲ್ಟ್ ಯಾಕೆ? ಉಪ್ಪಿನಾಗರದಲ್ಲಿ ನೀರು ಆರುತ್ತಾ ಹೋದಾಗ ಕ್ಯಾಲ್ಸಿಯಂ ಜಿಪ್ಸಂ ಆಗಿ ಮೊದಲೇ ತಳ ಸೇರುತ್ತದೆ, ಆಮೇಲೆ ಸೋಡಿಯಂ ಕ್ಲೋರೈಡ್ ಹರಳುಗಟ್ಟುತ್ತದೆ, ಮ್ಯಾಗ್ನೀಷಿಯಂ ಮತ್ತು ಪೊಟ್ಯಾಷಿಯಂ ಕಹಿನೀರಿನಲ್ಲೇ ಉಳಿದುಬಿಡುತ್ತವೆ. ರಾಶಿ ಮಾಡಿದ ಉಪ್ಪು ಊಟಕ್ಕೆ ಉತ್ತಮ, ಆದರೆ ಅದನ್ನು ಮತ್ತೆ ನೀರಿನಲ್ಲಿ ಕರಗಿಸಿದರೆ ಸಮುದ್ರ ವಾಪಸು ಬರುವುದಿಲ್ಲ.

ಇದೇ ಕಾರಣಕ್ಕೆ ದಂಡೆಯ ನೀರಿನ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಈಗ ಬೇಡ. ಕೋಡಿಬಾಗದಲ್ಲಿ ಕಾಳಿ ನದಿ ಸಮುದ್ರ ಸೇರುತ್ತದೆ. ಮಳೆಗಾಲದಲ್ಲಿ ಘಟ್ಟದ ಸಿಹಿನೀರು ಹಗುರವಾಗಿ ಮೇಲ್ಪದರದಲ್ಲಿ ಹರಡುತ್ತದೆ, ಜೊತೆಗೆ ಕೆಂಪು ಮಣ್ಣು, ಕೊಳೆತ ಎಲೆ, ಊರಿನ ಚರಂಡಿ. ದಂಡೆಯಲ್ಲಿ ಕ್ಯಾನ್ ಅದ್ದಿದರೆ ಸಿಗುವುದು ಆ ಮೇಲ್ಪದರವೇ. ದೀಪಾವಳಿ ಕಳೆದ ಮೇಲೆ, ನೀರು ತಿಳಿಯಾದಾಗ, ಅಳಿವೆಯಿಂದಲೂ ಬೈತಖೋಲ ಬಂದರಿನಿಂದಲೂ ದೂರದಲ್ಲಿ, ಭರತಿ ಪೂರ್ತಿ ಏರಿದ ಹೊತ್ತಿಗೆ ತೆಗೆಯಿರಿ. ದಪ್ಪ ಬಟ್ಟೆಯಲ್ಲಿ ಸೋಸಿ, ಆಹಾರ ತುಂಬುವ ದರ್ಜೆಯ ಕ್ಯಾನಿನಲ್ಲಿ ಕತ್ತಲಲ್ಲಿ ಎರಡು ವಾರ ಏರ್ ಪಂಪ್ ಹಾಕಿ ಇಡಿ. ಕತ್ತಲಲ್ಲಿ ಸೂಕ್ಷ್ಮ ಸಸ್ಯಗಳು ಸತ್ತು ಅಮೋನಿಯಾ ಒಮ್ಮೆ ಏರುತ್ತದೆ. ಅದು ಸೊನ್ನೆಗೆ ಬಂದು, ಉಪ್ಪಿನಂಶ ಅಳೆದ ಮೇಲೆ, ತಳದ ಗಸಿ ಬಿಟ್ಟು ಮೇಲಿನ ನೀರು ಮಾತ್ರ ಪೈಪಿನಿಂದ ಎಳೆದುಕೊಳ್ಳಿ.

ಹವಳದ ಕಲ್ಲು ಯಾವ ಕಾರಣಕ್ಕೂ ಬೇಡ. ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ನಮ್ಮ ಕರಾವಳಿಯಲ್ಲಿ ಹವಳ ಇರುವ ಜಾಗಗಳು ಬೆರಳೆಣಿಕೆ, ನೇತ್ರಾಣಿ ಅವುಗಳಲ್ಲಿ ಮುಖ್ಯವಾದದ್ದು. ಒಂದು ಟ್ಯಾಂಕ್ ಎರಡು ವಾರ ಬೇಗ ತಯಾರಾಗಲಿ ಎಂದು ಅಲ್ಲಿಂದ ಕಲ್ಲು ಕೀಳುವುದು ಕಾನೂನಿಗೂ ಸಲ್ಲದು, ಮನಸ್ಸಿಗೂ ಸಲ್ಲದು. ಓಡುತ್ತಿರುವ ಉಪ್ಪುನೀರಿನ ಟ್ಯಾಂಕ್ ಇರುವ ಪರಿಚಯಸ್ಥರಿದ್ದರೆ ಅವರ ಫಿಲ್ಟರಿನ ಸೆರಾಮಿಕ್ ಉಂಗುರ ಹತ್ತಿಪ್ಪತ್ತು ಕೇಳಿ ತಂದು, ಒಣಗಲು ಬಿಡದೆ ನಿಮ್ಮ ಫಿಲ್ಟರಿಗೆ ಹಾಕಿ. ಅವರ ಟ್ಯಾಂಕಿನಲ್ಲಿ ರೋಗ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ, ಅಷ್ಟೆ.

ಕ್ಲೌನ್ ಫಿಶ್ ಬಗ್ಗೆ ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಸಿಹಿನೀರಿನಲ್ಲಿ ನೈಟ್ರೈಟ್ 5 ಇದ್ದರೆ ಮೀನಿನ ರಕ್ತ ಕಂದಾಗಿ ಉಸಿರು ಕಟ್ಟುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡ್ ಇದೆ, ಕಿವಿರಿನಲ್ಲಿ ಕ್ಲೋರೈಡ್, ನೈಟ್ರೈಟ್ ಎರಡೂ ಒಂದೇ ಬಾಗಿಲಿನಿಂದ ಒಳಹೋಗಬೇಕು, ಆ ನೂಕುನುಗ್ಗಲಿನಲ್ಲಿ ನೈಟ್ರೈಟ್‌ಗೆ ಜಾಗವೇ ಸಿಗುವುದಿಲ್ಲ. ನಿಮ್ಮ ನೈಟ್ರೈಟ್‌ನಿಂದ ಮೀನು ಸಾಯುವುದು ಕಡಿಮೆ. ಆದರೂ ಕಾಯಿರಿ ಎನ್ನುತ್ತೇನೆ, ಏಕೆಂದರೆ ಅಮೋನಿಯಾ ತಿನ್ನುವ ಗುಂಪಿನ ತಾಕತ್ತು ಎಷ್ಟೆಂದು ನೀವು ಇನ್ನೂ ಅಳೆದಿಲ್ಲ. ಎರಡನೇ ಸಲ ಹಾಕಿದ ಮೇಲೆ ಎಂಟು ದಿನದಲ್ಲಿ 2.75 ಪಿಪಿಎಂ ಕರಗಿಸಿದ್ದು ಗೊತ್ತು, 2 ಪಿಪಿಎಂ ಒಂದೇ ದಿನದಲ್ಲಿ ಕರಗಿಸುತ್ತದೆಯೇ ಗೊತ್ತಿಲ್ಲ. ಸಮುದ್ರದ ಮೀನಿಗೆ ನಿಜವಾದ ವಿಷ ಅಮೋನಿಯಾವೇ. ಪಿಎಚ್ 7.8ರಲ್ಲಿ ಒಟ್ಟು ಅಮೋನಿಯಾದ ಶೇ 3ರಷ್ಟು ವಿಷರೂಪದಲ್ಲಿದ್ದರೆ 8.2ರಲ್ಲಿ ಅದು ಶೇ 6-7 ಆಗುತ್ತದೆ.

ಆ ಅಳತೆ ಮಾಡುವ ಕ್ರಮ ಹೀಗೆ. 6.3 ಗ್ರಾಂ ಅಮೋನಿಯಂ ಕ್ಲೋರೈಡನ್ನು ಆರ್‌ಒ ನೀರಿನಲ್ಲಿ ಕರಗಿಸಿ ಒಟ್ಟು 100 ಎಂಎಲ್ ಮಾಡಿ, ಹೆಸರು ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಇದರ 10 ಎಂಎಲ್ ನಿಮ್ಮ 100 ಲೀಟರಿಗೆ 2 ಪಿಪಿಎಂ ಕೊಡುತ್ತದೆ. ಕಲಾಯಿ ಹಾಕುವವರ ನವಸಾಗರವೂ ಅಮೋನಿಯಂ ಕ್ಲೋರೈಡೇ, ಆದರೆ ಅದರ ಶುದ್ಧತೆ ನಂಬುವಂತಿಲ್ಲ. ಪ್ರಯೋಗಾಲಯ ದರ್ಜೆಯದನ್ನೇ ತನ್ನಿ. ನೈಟ್ರೈಟ್ 1ಕ್ಕಿಂತ ಕೆಳಗೆ ಇಳಿಯುವ ತನಕ ಪೂರ್ತಿ ಪ್ರಮಾಣ ಹಾಕಬೇಡಿ, ಹಾಕಿದಷ್ಟೂ ಮತ್ತೆ ನೈಟ್ರೈಟ್ ಆಗಿ ಕೂರುತ್ತದೆ. ಮೊದಲ ಗುಂಪು ಹಸಿಯದಿರಲಿ ಎನಿಸಿದರೆ ನಾಲ್ಕೈದು ದಿನಕ್ಕೊಮ್ಮೆ 2.5 ಎಂಎಲ್ ಹಾಕಿ, ಅದು ಅರ್ಧ ಪಿಪಿಎಂ. ನೈಟ್ರೈಟ್ ಇಳಿದ ಮೇಲೆ 10 ಎಂಎಲ್ ಹಾಕಿ ಸರಿಯಾಗಿ 24 ಗಂಟೆಗೆ ಅಳೆಯಿರಿ. ಅಮೋನಿಯಾ ಹೋಲಿಕೆಯ ಟ್ಯೂಬಿನಷ್ಟೇ ಹಳದಿ, ನೈಟ್ರೈಟ್ ಸೊನ್ನೆ ಬಂದರೆ ಟ್ಯಾಂಕ್ ಸಿದ್ಧ. ಅಮೋನಿಯಾ ಸೊನ್ನೆ ಬಂದು ನೈಟ್ರೈಟ್ ಇನ್ನೂ ಇದ್ದರೆ ಎರಡು ದಿನ ಬಿಟ್ಟು ಮತ್ತೊಮ್ಮೆ ಮಾಡಿ.

ಆಗ ನೈಟ್ರೇಟ್ ಕಿಟ್ ತೆಗೆಯಿರಿ. ಒಂದನೇ ಬಾಟಲಿಯಿಂದ 10 ಹನಿ. ಎರಡನೇ ಬಾಟಲಿಯ ತಳದಲ್ಲಿ ಪುಡಿ ಗಟ್ಟಿ ಕೂತಿರುತ್ತದೆ, ಮೇಜಿಗೆ ತಟ್ಟಿ 30 ಸೆಕೆಂಡ್ ಜೋರಾಗಿ ಕುಲುಕಿಯೇ 10 ಹನಿ ಬಿಡಿ. ಟ್ಯೂಬನ್ನು ಪೂರ್ತಿ ಒಂದು ನಿಮಿಷ ಕುಲುಕಿ, 5 ನಿಮಿಷ ಕಾದು ನೋಡಿ. ಇಲ್ಲಿ ನಿಮ್ಮ ಜಮಾ-ಖರ್ಚು ತಾಳೆಯಾಗಬೇಕು. ಮೊದಲ 4, ನಡುವೆ ಎರಡು ಸಲ ಅರ್ಧರ್ಧ, ಕೊನೆಯ 2 ಸೇರಿ 7 ಪಿಪಿಎಂ ಹಾಕಿದ್ದರೆ ನೈಟ್ರೇಟ್ 25ರ ಆಸುಪಾಸು, ಕಾರ್ಡಿನಲ್ಲಿ 20ಕ್ಕೂ 40ಕ್ಕೂ ನಡುವೆ. ಸೊನ್ನೆ ಬಂದರೆ ಎರಡನೇ ಬಾಟಲಿ ಸಾಕಷ್ಟು ಕುಲುಕಿಲ್ಲ. 80ರ ಮೇಲೆ ಬಂದರೆ ನಿಮ್ಮ ಆರ್‌ಒ ನೀರನ್ನೇ ಪರೀಕ್ಷಿಸಿ: ಮನೆಯ ಎಷ್ಟೋ ಆರ್‌ಒ ಯಂತ್ರಗಳಲ್ಲಿ ರುಚಿಗೆಂದು ಬಾವಿಯ ನೀರನ್ನೇ ಸ್ವಲ್ಪ ವಾಪಸು ಬೆರೆಸುವ ಟಿಡಿಎಸ್ ತಿರುಪು ಇರುತ್ತದೆ. ತಾಮ್ರ ಸೇರಿಸುವ ಮಾದರಿಯಾದರೆ ಆ ನೀರು ಟ್ಯಾಂಕಿಗೆ ಬೇಡವೇ ಬೇಡ, ಸಿಗಡಿ, ಶಂಖದಹುಳು, ಹವಳದಂಥ ಜೀವಿಗಳಿಗೆ ತಾಮ್ರ ನೇರ ವಿಷ. ಮೆಂಬ್ರೇನ್ ದಾಟಿದ ನೀರನ್ನು ಈ ಎರಡೂ ಹಂತಕ್ಕೆ ಮೊದಲೇ ಬೇರೆ ಪೈಪಿನಲ್ಲಿ ಹೊರತೆಗೆಸಿಕೊಳ್ಳಿ. ಡಿಜಿಟಲ್ ಚೆಕರ್ ಬಳಸುವವರು ಅಳತೆಯ ಯೂನಿಟ್ ನೋಡಿಕೊಳ್ಳಬೇಕು. ಕೆಲವು ಸಾರಜನಕದ ತೂಕವನ್ನಷ್ಟೇ ತೋರಿಸುತ್ತವೆ. ಅಂಥ ನೈಟ್ರೈಟ್ ಅಂಕಿಯನ್ನು 3.3ರಿಂದ, ನೈಟ್ರೇಟ್ ಅಂಕಿಯನ್ನು 4.4ರಿಂದ ಗುಣಿಸಿ ಈ ಲೆಕ್ಕಕ್ಕೆ ತರಬೇಕು.

ಗಾಜಿನ ಮೇಲೆ, ಮರಳಿನ ಮೇಲೆ ಕಂದು ಪುಡಿ ಕೂರಲು ಶುರುವಾದರೆ ಹೆದರಬೇಡಿ, ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಅದು, ತಾನಾಗಿ ಹೋಗುತ್ತದೆ. ಕರೆಂಟ್ ಹೋಗುವುದಕ್ಕೆ ಮಾತ್ರ ತಯಾರಿ ಇರಲಿ. ಈ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬಹಳ ಬೇಕು, ಬ್ಯಾಟರಿ ಏರ್ ಪಂಪ್ ಒಂದು ಮನೆಯಲ್ಲಿರಬೇಕು. ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರ್ ಆದರೆ, ಗಂಟೆಗಟ್ಟಲೆ ನಿಂತ ಮೇಲೆ ಅದರೊಳಗಿನ ನೀರು ಚೆಲ್ಲಿ ಆಮೇಲೆ ಚಾಲೂ ಮಾಡಿ.

24 ಗಂಟೆಯ ಪರೀಕ್ಷೆ ಪಾಸಾದ ಮರುದಿನ ಅರ್ಧ ನೀರು ಬದಲಾಯಿಸಿ. ಹೊಸ ನೀರಿನ ಉಪ್ಪಿನಂಶ, ಬಿಸಿ ಎರಡೂ ಟ್ಯಾಂಕಿಗೆ ಹೊಂದಿರಲಿ. ಬ್ಯಾಕ್ಟೀರಿಯಾ ಕಲ್ಲು ಮರಳಿನ ಮೈಗೆ ಅಂಟಿಕೊಂಡಿರುವುದರಿಂದ ಚೆಲ್ಲಿದ ನೀರಿನ ಜೊತೆ ಅವು ಹೋಗುವುದಿಲ್ಲ. ನೈಟ್ರೇಟ್ 12-13ಕ್ಕೆ ಇಳಿಯುತ್ತದೆ. ಅಂದೋ ಮರುದಿನವೋ ಕ್ಲೌನ್ ಜೋಡಿ ಬಿಡಿ, ಜಾಸ್ತಿ ದಿನ ಖಾಲಿ ಇಡಬೇಡಿ. ಮೊದಲ ವಾರ ದಿನಕ್ಕೊಂದು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಪ್ರತಿದಿನ ಬೆಳಿಗ್ಗೆ ಹೋಲಿಕೆಯ ಟ್ಯೂಬಿನ ಜೊತೆ ಅಮೋನಿಯಾ ನೋಡಿ. ಹಸಿರು ಕಂಡರೆ ಆ ದಿನ ಆಹಾರ ಬೇಡ, ಮರುದಿನವೂ ಕಂಡರೆ ಕಾಲುಭಾಗ ನೀರು ಬದಲಾಯಿಸಿ. ಮೂರನೇ ಮೀನಿನ ವಿಚಾರ ಮೂರು ವಾರ ಬಿಟ್ಟು.